ಎರಡು ಅಂಕದ ಇತಿಹಾಸ

ಚಿಮ್ಮಡದಲ್ಲಿ ಕೆ-ಸೆಟ್‌ಗೆ ಇತಿಹಾಸ ಓದುವ ನಮ್ಮ ಹುಡುಗರಿಗೆ ಮಿಲ್ಲರ್ ಸಮಿತಿಯೆಂದರೆ ಎರಡು ಅಂಕ: ನೇಮಕ 1918, ವರದಿ 1919, ಮುಂದ ನಡಿ. ನಾನೂ ಹೀಗೇ ಬಾಯಿಪಾಠ ಮಾಡಿದವನು. ಆ ಸಮಿತಿಯ ಲೆಕ್ಕದಲ್ಲಿ ಬ್ರಾಹ್ಮಣರಲ್ಲದವರೆಲ್ಲ 'ಹಿಂದುಳಿದವರು'. ಊರಗೌಡನೂ ಕೇರಿಯವನೂ ಒಂದೇ ಸಾಲು! ಆ ಸಾಲಿನಲ್ಲಿ ಮುಂದ ಯಾರು ನಿಂತರು ಅಂತ ಗೈಡು ಕೇಳುವುದಿಲ್ಲ.

ಅದೂ ಮೈಸೂರಿನ ಮಾತು. ಜಮಖಂಡಿ ಆಗ ಪಟವರ್ಧನರ ಸಂಸ್ಥಾನ. 1948ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿದ್ದು. ನಮ್ಮ ಕಡೆಯ ಕಥೆಯೇ ಬೇರೆ. 1925ರಲ್ಲಿ ಅಂಬೇಡ್ಕರ್ ನಿಪ್ಪಾಣಿಯ ಬಹಿಷ್ಕೃತರ ಪರಿಷತ್ತಿಗೆ ಬಂದಿದ್ದರು. ಮುಂದೆ ವೈಸರಾಯರ ಕಾರ್ಯಕಾರಿ ಮಂಡಳಿಯಲ್ಲಿ ಕೂತು ಅವರು ಹಟ ಹಿಡಿದದ್ದರಿಂದಲೇ 1943ರಲ್ಲಿ ಕೇಂದ್ರದ ನೌಕರಿಗಳಲ್ಲಿ ಪರಿಶಿಷ್ಟರಿಗೆ ಶೇ. 8.33 ಮೀಸಲಾಯಿತು. ನಾನು ಪಾಠವನ್ನು ನಿಪ್ಪಾಣಿಯಿಂದಲೇ ಸುರು ಮಾಡುತ್ತೇನೆ.

'ಸರ, ಇದು ಪರೀಕ್ಷಾಕ್ಕ ಬರತೈತೇನ್ರಿ?' ಅಂತ ಕೇಳತಾರ.

'ಬರೂದಿಲ್ಲ. ಬರಕೋರಿ' ಅಂತೇನಿ.