ಗಿಟಾರಿನ ಮೈಮೇಲೆ ಬಂದ ಪಗನೀನಿ

1984ರಲ್ಲಿ ಪಾಲಿಡೋರ್ ಕಂಪನಿ ಹೊರತಂದ ‘ರೈಸಿಂಗ್ ಫೋರ್ಸ್’ ಆಲ್ಬಂನಲ್ಲಿ ಇರುವುದು ಎಂಟೇ ಎಂಟು ರಚನೆಗಳು. ಗಾಯಕನ ದನಿ ಕೇಳಿಸುವುದು ಅವುಗಳಲ್ಲಿ ಎರಡರಲ್ಲಿ ಮಾತ್ರ. ಉಳಿದ ಆರರಲ್ಲೂ ಹಾಡುವುದು, ವಾದಿಸುವುದು, ಗೋಳಾಡುವುದು ಎಲ್ಲ ಗಿಟಾರೇ. ಗಾಯಕನೇ ಬ್ಯಾಂಡಿನ ಮುಖವಾಗಿದ್ದ, ಜನ ಜತೆಗೂಡಿ ಹಾಡಲಾಗದ್ದನ್ನು ರೇಡಿಯೋದವರು ಮೂಸಿಯೂ ನೋಡದಿದ್ದ ಕಾಲ ಅದು. ಆದರೂ ಇಪ್ಪತ್ತರ ಆಸುಪಾಸಿನ ಸ್ವೀಡನ್ನಿನ ಹುಡುಗ ಇಂಗ್ವೆ ಮಾಲ್ಮ್‌ಸ್ಟೀನ್ ಮಾಡಿದ ಆ ಆಲ್ಬಂ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ 60ನೇ ಸ್ಥಾನ ಮುಟ್ಟಿತು, ಗ್ರ್ಯಾಮಿ ನಾಮನಿರ್ದೇಶನವನ್ನೂ ಪಡೆಯಿತು. ನಿಯೋಕ್ಲಾಸಿಕಲ್ ಮೆಟಲ್ ಎಂದು ಇವತ್ತು ನಾವು ಕರೆಯುವ ಪ್ರಕಾರ ತನ್ನ ಕಾಲ ಮೇಲೆ ನಿಂತದ್ದು ಅಲ್ಲಿ. ಅದರ ಚರಿತ್ರೆಯನ್ನು ಬೆರಳುಗಳ ವೇಗದ ಚರಿತ್ರೆಯಾಗಿ ಹೇಳುವುದು ರೂಢಿ. ನನಗೆ ಅದು ಕೃತಿ ಕಟ್ಟುವವರ ಚರಿತ್ರೆಯಾಗಿ ಕಾಣುತ್ತದೆ. ಬರಿಯ ವೇಗವನ್ನು ನಂಬಿದವರು ಹತ್ತು ವರ್ಷದಲ್ಲಿ ಮರೆತುಹೋದರು. ಬಾಖ್‌ನಿಂದ ಸ್ವರಸಂಗತಿಯನ್ನೂ ಶಿಸ್ತನ್ನೂ ಕಲಿತವರನ್ನು ಇವತ್ತಿಗೂ ಕೇಳುತ್ತೇವೆ.

ಈ ಪ್ರಕಾರದ ಮೂಲಪುರುಷ ಇಟಲಿಯ ನಿಕೊಲೊ ಪಗನೀನಿ (1782–1840). ಲೋಕಕ್ಕೆಲ್ಲ ಗೊತ್ತಿರುವುದು ಅವನ ವಯಲಿನ್. ಆದರೆ ಅವನು ಗಿಟಾರನ್ನೂ ಪಳಗಿದ ಕೈಯಲ್ಲಿ ನುಡಿಸುತ್ತಿದ್ದ, ಅದಕ್ಕಾಗಿ ರಾಶಿ ಕೃತಿಗಳನ್ನು ಬರೆದ. ಒಂಟಿ ವಯಲಿನ್ನಿಗಾಗಿ ಅವನು ಬರೆದ 24 ಕ್ಯಾಪ್ರಿಸ್‌ಗಳು 1820ರಲ್ಲಿ ಅಚ್ಚಾದಾಗ ನುಡಿಸಬಲ್ಲವರು ವಿರಳವಾಗಿದ್ದರು. ಇವನು ಸೈತಾನನಿಗೆ ಆತ್ಮ ಮಾರಿ ಈ ವಿದ್ಯೆ ಸಂಪಾದಿಸಿದ್ದಾನೆ ಎಂಬ ಮಾತು ಯೂರೋಪಿನಲ್ಲೆಲ್ಲ ಹಬ್ಬಿತ್ತು. ವಾದ್ಯಗಾರನೇ ನಾಯಕ, ಅವನ ಬೆರಳುಗಳೇ ನಾಟಕ ಎಂಬ ಕಲ್ಪನೆ ಅವನಿಂದ ಗಟ್ಟಿಯಾಯಿತು. ಒಂದೂವರೆ ಶತಮಾನದ ಬಳಿಕ ಹೆವಿ ಮೆಟಲ್ ಅದನ್ನೇ, ಸೈತಾನನ ಸಮೇತ, ಎತ್ತಿಕೊಂಡಿತು.

ರಾಕ್ ಮತ್ತು ಶಾಸ್ತ್ರೀಯ ಸಂಗೀತವನ್ನು ಒಂದೇ ವೇದಿಕೆಗೆ ತಂದ ದೊಡ್ಡ ಪ್ರಯತ್ನ 1969ರದು. ಡೀಪ್ ಪರ್ಪಲ್ ಬ್ಯಾಂಡಿನ ಜಾನ್ ಲಾರ್ಡ್ ಬರೆದ ಕನ್ಸರ್ಟೊವನ್ನು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ರಾಯಲ್ ಫಿಲ್‌ಹಾರ್ಮೋನಿಕ್ ವಾದ್ಯವೃಂದದ ಜತೆ, ಮಾಲ್ಕಂ ಆರ್ನಲ್ಡ್ ನಿರ್ದೇಶನದಲ್ಲಿ ನುಡಿಸಿದರು. ಅಲ್ಲಿ ಬ್ಯಾಂಡೂ ವಾದ್ಯವೃಂದವೂ ಸರದಿಯ ಮೇಲೆ ಮಾತಾಡಿದವೇ ಹೊರತು ಬೆರೆಯಲಿಲ್ಲ. ಬೆರೆತದ್ದು 1972ರಲ್ಲಿ, ‘ಮಷೀನ್ ಹೆಡ್’ ಆಲ್ಬಂನ ‘ಹೈವೇ ಸ್ಟಾರ್’ ಹಾಡಿನ ಸೋಲೋದಲ್ಲಿ. ರಿಚಿ ಬ್ಲ್ಯಾಕ್‌ಮೋರ್ ಅದನ್ನು ಆ ಹೊತ್ತಿನ ಹುಮ್ಮಸ್ಸಿಗೆ ಬಿಡದೆ, ಬಾಖ್‌ನ ಜಾಡಿನ ಸ್ವರಮೇಳಗಳ ಮೇಲೆ ಮೊದಲೇ ಸ್ವರಸ್ವರವಾಗಿ ಕಟ್ಟಿದ್ದರು. ಬ್ಲೂಸ್‌ನಿಂದ ಹುಟ್ಟಿದ ರಾಕ್ ಗಿಟಾರ್ ಬ್ಲೂಸನ್ನು ದಾಟಿ ಬೇರೆ ಮನೆತನ ಹುಡುಕಿಕೊಂಡದ್ದು ಆ ಕೆಲವೇ ಕ್ಷಣಗಳಲ್ಲಿ. ಮುಂದೆ ರೇನ್‌ಬೋ ಬ್ಯಾಂಡ್ ಕಟ್ಟಿದ ಬ್ಲ್ಯಾಕ್‌ಮೋರ್ 1981ರಲ್ಲಿ ಬೀಥೋವನ್‌ನ ಒಂಬತ್ತನೇ ಸಿಂಫನಿಯ ಧಾಟಿಯನ್ನೇ ಗಿಟಾರಿನಲ್ಲಿ ನುಡಿಸಿದರು.

ಜರ್ಮನಿಯಲ್ಲಿ ಸ್ಕಾರ್ಪಿಯನ್ಸ್ ಬ್ಯಾಂಡಿನ ಉಲಿ ಯೋನ್ ರೋಥ್ ಇದೇ ದಿಕ್ಕಿಗೆ ನಡೆದಿದ್ದರು. 1977ರ ‘ದಿ ಸೇಲ್ಸ್ ಆಫ್ ಕ್ಯಾರನ್’ ಕೇಳಿದವರಿಗೆ ಮಾಲ್ಮ್‌ಸ್ಟೀನ್ ಎಲ್ಲಿಂದ ಬಂದರು ಎಂಬುದು ತಟ್ಟನೆ ಹೊಳೆಯುತ್ತದೆ. ರೋಥ್ ಅವರಿಗೆ ಸಲ್ಲಬೇಕಾದಷ್ಟು ಗೌರವ ಸಂದಿಲ್ಲ ಎಂದೇ ನನ್ನ ಭಾವನೆ. ಅಮೆರಿಕದಲ್ಲಿ ಎಡ್ಡಿ ವ್ಯಾನ್ ಹೇಲನ್ 1978ರ ‘ಇರಪ್ಷನ್’ನಿಂದ ಗಿಟಾರಿನ ವ್ಯಾಕರಣವನ್ನೇ ಬದಲಿಸಿದರು. ಮತ್ತೊಬ್ಬರು ರ‍್ಯಾಂಡಿ ರೋಡ್ಸ್. ತಾಯಿ ನಡೆಸುತ್ತಿದ್ದ ಸಂಗೀತ ಶಾಲೆಯಲ್ಲಿ ಬೆಳೆದ ರೋಡ್ಸ್, ಆಝಿ ಆಸ್ಬರ್ನ್ ಜತೆ ಊರೂರು ತಿರುಗುವಾಗಲೂ ಹೋದ ಊರಿನಲ್ಲಿ ಶಾಸ್ತ್ರೀಯ ಗಿಟಾರಿನ ಮೇಷ್ಟ್ರನ್ನು ಹುಡುಕಿ ಪಾಠ ಹೇಳಿಸಿಕೊಳ್ಳುತ್ತಿದ್ದರು. 1980 ಮತ್ತು 1981ರಲ್ಲಿ ಬಂದ ಎರಡು ಆಲ್ಬಂಗಳಲ್ಲಿ ಆ ಕಲಿಕೆಯ ಗುರುತು ಉದ್ದಕ್ಕೂ ಇದೆ. 1982ರ ಮಾರ್ಚ್ 19ರಂದು ಫ್ಲಾರಿಡಾದಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡಾಗ ಅವರಿಗೆ ಕೇವಲ 25 ವರ್ಷ.

ನೆಲ ಹೀಗೆ ಹದವಾಗಿತ್ತು. 1963ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಹುಟ್ಟಿದ ಮಾಲ್ಮ್‌ಸ್ಟೀನ್ ಗಿಟಾರ್ ಹಿಡಿದದ್ದು, 1970ರಲ್ಲಿ ಜಿಮಿ ಹೆಂಡ್ರಿಕ್ಸ್ ತೀರಿಕೊಂಡ ಸುದ್ದಿಯನ್ನು ಟಿ.ವಿ.ಯಲ್ಲಿ ನೋಡಿದ ದಿನ. ಬಾಲ್ಯದಲ್ಲಿ ಕೈಗೆ ಬಂದ ಡೀಪ್ ಪರ್ಪಲ್ ತಟ್ಟೆಗಳು ಬ್ಲ್ಯಾಕ್‌ಮೋರ್ ಅವರ ದಾರಿ ತೋರಿಸಿದವು. ಆಮೇಲೆ ಅದೇ ಟಿ.ವಿ.ಯಲ್ಲಿ ಗಿಡಾನ್ ಕ್ರೆಮರ್ ಪಗನೀನಿಯ ಕ್ಯಾಪ್ರಿಸ್ ನುಡಿಸಿದ್ದನ್ನು ಕಂಡರು. ಅಲ್ಲಿಂದಾಚೆಗೆ ಅವರು ಗಿಟಾರಿನಲ್ಲಿ ನುಡಿಸಲು ಹಂಬಲಿಸಿದ್ದು ವಯಲಿನ್ ಸಂಗೀತವನ್ನು. ಕ್ಯಾಸೆಟ್ಟೊಂದನ್ನು ಕ್ಯಾಲಿಫೋರ್ನಿಯಾದ ಮೈಕ್ ವಾರ್ನಿಗೆ ಕಳಿಸಿದರು. ವಾರ್ನಿ ‘ಗಿಟಾರ್ ಪ್ಲೇಯರ್’ ಪತ್ರಿಕೆಯಲ್ಲಿ ಹೊಸಬರ ಬಗ್ಗೆ ಅಂಕಣ ಬರೆಯುತ್ತಿದ್ದವರು, 1980ರಲ್ಲಿ ಶ್ರಾಪ್ನೆಲ್ ರೆಕಾರ್ಡ್ಸ್ ಕಟ್ಟಿದವರು. ಕ್ಯಾಸೆಟ್ ಕೇಳಿ ಹುಡುಗನನ್ನು ಅಮೆರಿಕಕ್ಕೆ ಕರೆಸಿಕೊಂಡರು. 1983ರಲ್ಲಿ ಸ್ಟೀಲರ್, ಆಮೇಲೆ ಗ್ರಹಾಂ ಬಾನೆಟ್ ಅವರ ಆಲ್ಕಟ್ರಾಝ್. ಎರಡೂ ಬ್ಯಾಂಡುಗಳು ಅವರಿಗೆ ಸಾಲಲಿಲ್ಲ.

‘ರೈಸಿಂಗ್ ಫೋರ್ಸ್’ನಲ್ಲಿ ಬಾಸ್ ಗಿಟಾರನ್ನೂ ಅವರೇ ನುಡಿಸಿದರು. ಡ್ರಮ್ಸ್‌ಗೆ ಜೆಥ್ರೊ ಟಲ್‌ನಲ್ಲಿದ್ದ ಬ್ಯಾರಿಮೋರ್ ಬಾರ್ಲೊ, ಕೀಬೋರ್ಡಿಗೆ ಯೆನ್ಸ್ ಯೊಹಾನ್ಸನ್, ಎರಡು ಹಾಡಿಗೆ ಜೆಫ್ ಸ್ಕಾಟ್ ಸೋಟೊ. ಆಲ್ಬಂ ಶುರುವಾಗುವುದು ಸದ್ದಿಲ್ಲದ ಅಕೌಸ್ಟಿಕ್ ಗಿಟಾರಿನಿಂದ. ‘ಬ್ಲ್ಯಾಕ್ ಸ್ಟಾರ್’ನ ಮುಖ್ಯ ಧಾಟಿ ಅದರ ಬೆನ್ನಿಗೇ ಬರುತ್ತದೆ. ಅದು ಗುನುಗಬಹುದಾದ ಧಾಟಿ, ಇದನ್ನು ಒತ್ತಿ ಹೇಳಬೇಕು. ‘ಫಾರ್ ಬಿಯಾಂಡ್ ದಿ ಸನ್’ ಇಲ್ಲಿನ ಶಿಖರ. ಗಿಟಾರ್ ಎಸೆದ ಸವಾಲನ್ನು ಯೊಹಾನ್ಸನ್‌ರ ಕೀಬೋರ್ಡ್ ಹಿಂದಿರುಗಿಸುವ ರೀತಿಗೆ ನಮ್ಮ ಕಛೇರಿಯ ತನಿ ಆವರ್ತನದ ಬಿಸಿ ಇದೆ. ‘ಈವಿಲ್ ಐ’ನಲ್ಲಿ ಜರ್ಮನಿಯ ಬರೋಕ್ ರಚನಕಾರ ಯೋಹಾನ್ ಕ್ರೀಗರನ ನೃತ್ಯಧಾಟಿ ಇದೆ. ‘ಇಕಾರಸ್ ಡ್ರೀಮ್ ಸೂಟ್’ ಆರಂಭವಾಗುವುದು ಆಲ್ಬಿನೋನಿಯ ಹೆಸರಿನಲ್ಲಿ ಪ್ರಸಿದ್ಧವಾದ ಅಡಾಜಿಯೊದಿಂದ. ಆ ಅಡಾಜಿಯೊವನ್ನು ನಿಜಕ್ಕೂ ರಚಿಸಿದವರು ಇಪ್ಪತ್ತನೇ ಶತಮಾನದ ಸಂಗೀತ ವಿದ್ವಾಂಸ ರೆಮೊ ಜಾಝೊಟ್ಟೊ; 1958ರಲ್ಲಿ ಅದನ್ನು ಪ್ರಕಟಿಸಿದವರೂ ಅವರೇ. ಹಳೆಯದರ ಮೇಲಿನ ಮೋಹಕ್ಕೆ ವಿದ್ವಾಂಸನೂ ಮೆಟಲ್ ಹುಡುಗನೂ ಒಂದೇ ಬಗೆಯಲ್ಲಿ ಸೋತದ್ದನ್ನು ಕಂಡಾಗ ನನಗೆ ಇಬ್ಬರ ಮೇಲೂ ಅಕ್ಕರೆ ಮೂಡುತ್ತದೆ.

ಈ ಸಂಗೀತದ ಸ್ವರಗಳು ಕನ್ನಡ ಕಿವಿಗೆ ಹೊಸವಲ್ಲ. ಮಾಲ್ಮ್‌ಸ್ಟೀನ್ ಬಹುಪಾಲು ಓಡಾಡುವ ಹಾರ್ಮೋನಿಕ್ ಮೈನರ್ ನಮ್ಮ 21ನೇ ಮೇಳ ಕೀರವಾಣಿಯ ಸ್ವರಗಳೇ. ಅದರ ಪಂಚಮವನ್ನು ಷಡ್ಜವಾಗಿಟ್ಟು ಗ್ರಹಭೇದ ಮಾಡಿದರೆ ಬರುವ ವಕುಳಾಭರಣ ಈ ಪ್ರಕಾರದವರ ಇನ್ನೊಂದು ಅಚ್ಚುಮೆಚ್ಚಿನ ಸ್ವರಪಂಕ್ತಿ. ಆದರೆ ಅವರು ರಾಗವನ್ನು ಬೆಳೆಸುವುದಿಲ್ಲ. ಕೀರವಾಣಿಯ ಕಾಕಲಿ ನಿಷಾದ ಅಲ್ಲಿ ಸ್ವರಮೇಳದ ಭಾಗವಾಗಿ ಷಡ್ಜದ ಕಡೆಗೆ ಜಗ್ಗುತ್ತದೆ. ಆ ಜಗ್ಗಾಟವನ್ನು ಒಂದು ಶ್ರುತಿಯಿಂದ ಇನ್ನೊಂದಕ್ಕೆ ದಾಟಿಸುತ್ತ ಹೋಗುವುದು ಬಾಖ್, ವಿವಾಲ್ಡಿಯವರ ಮಾರ್ಗ. ಬಲಗೈಯ ಪಿಕ್ ತಂತಿಯಿಂದ ತಂತಿಗೆ ಒಂದೇ ಎಳೆತದಲ್ಲಿ ಜಾರಿ, ಎಡಗೈ ಬೆರಳು ಒಂದೊಂದು ಸ್ವರವನ್ನೂ ಒತ್ತಿ ತಕ್ಷಣ ಬಿಡುವ ‘ಸ್ವೀಪ್ ಪಿಕಿಂಗ್’ ಈ ಸಂಗೀತದ ಗುರುತಿನ ತಂತ್ರ. ವಯಲಿನ್ನಿನ ಕಮಾನು ನಾಲ್ಕು ತಂತಿಗಳ ಮೇಲೆ ಹರಿದಾಡುವಾಗ ಬರುವ ಪರಿಣಾಮವನ್ನು ಅದು ಗಿಟಾರಿಗೆ ತಂದಿತು.

ವಾದ್ಯವೂ ಬದಲಾಯಿತು. ಮಾಲ್ಮ್‌ಸ್ಟೀನ್ ತಮ್ಮ ಫೆಂಡರ್ ಸ್ಟ್ರಾಟೊಕಾಸ್ಟರಿನ ಫ್ರೆಟ್‌ಗಳ ನಡುವಿನ ಮರವನ್ನು ಕೆತ್ತಿ ಗುಳಿ ಮಾಡಿಸಿದರು. ಸ್ಟಾಕ್‌ಹೋಮ್‌ನಲ್ಲಿ ವಾದ್ಯ ದುರಸ್ತಿ ಅಂಗಡಿಯಲ್ಲಿ ಕೆಲಸಕ್ಕಿದ್ದಾಗ ಕಂಡ ಹಳೆಯ ಲ್ಯೂಟ್ ವಾದ್ಯದಿಂದ ಆ ಉಪಾಯ ಹೊಳೆಯಿತಂತೆ. ಬೆರಳಿಗೆ ಮರ ತಾಗದೆ ಬರೀ ತಂತಿ ಸಿಕ್ಕುವುದರಿಂದ ಅದನ್ನು ಜಗ್ಗಿ ಸ್ವರ ಕಂಪಿಸುವುದು ಸಲೀಸು. ಮೇಣದ ಮೇಲೆ ಎತ್ತರಕ್ಕೆ ಕೂರಿಸಿದ ವೀಣೆಯ ಮೆಟ್ಟಿಲುಗಳೂ ಗಮಕಕ್ಕೆ ಇದನ್ನೇ ಒದಗಿಸುತ್ತವೆ. ವೀಣೆ ಕಲಿತಿದ್ದ ಜಾನ್ ಮೆಕ್‌ಲಾಕ್ಲಿನ್ 1970ರ ದಶಕದಲ್ಲಿ ‘ಶಕ್ತಿ’ ತಂಡಕ್ಕಾಗಿ ಇಂಥದೇ ಗುಳಿ ತೆಗೆದ ಗಿಟಾರ್ ಮಾಡಿಸಿಕೊಂಡಿದ್ದರು. ಎರಡು ಬೇರೆ ಊರಿನವರು ಎರಡು ಬೇರೆ ಕಾರಣಕ್ಕೆ ಒಂದೇ ಪರಿಹಾರಕ್ಕೆ ಬಂದರು.

ಮಾಲ್ಮ್‌ಸ್ಟೀನ್ ತೆರೆದ ಬಾಗಿಲಿನಲ್ಲಿ ನುಗ್ಗಿದವರಿಗೆ ಲೆಕ್ಕವಿಲ್ಲ. ಅವರಲ್ಲಿ ಬಹಳ ಮಂದಿಗೆ ಆಶ್ರಯ ಕೊಟ್ಟದ್ದು ವಾರ್ನಿಯ ಶ್ರಾಪ್ನೆಲ್. 1986ರಲ್ಲಿ ವಿನ್ನಿ ಮೂರ್ ಅವರ ‘ಮೈಂಡ್ಸ್ ಐ’, ಟೋನಿ ಮ್ಯಾಕಲ್ಪೈನ್ ಅವರ ‘ಎಡ್ಜ್ ಆಫ್ ಸ್ಯಾನಿಟಿ’ ಬಂದವು. ಮ್ಯಾಕಲ್ಪೈನ್ ಎಳವೆಯಿಂದ ಪಿಯಾನೋ ಕಲಿತವರು. ಆ ಆಲ್ಬಂನಲ್ಲಿ ಶೋಪ್ಯಾನ ಪ್ರಿಲ್ಯೂಡೊಂದನ್ನು ಪಿಯಾನೋದಲ್ಲೇ ನುಡಿಸಿದ್ದಾರೆ. ಅದೇ ವರ್ಷ ‘ಕ್ರಾಸ್‌ರೋಡ್ಸ್’ ಸಿನಿಮಾದಲ್ಲಿ ಸ್ಟೀವ್ ವಾಯ್ ಸೈತಾನನ ಪಕ್ಷದ ಗಿಟಾರಿಗನಾಗಿ ನಟಿಸಿದರು; ಅವನನ್ನು ಎದುರಿಸುವ ನಾಯಕನ ಪಾಲಿನ, ಪಗನೀನಿಯ ಐದನೇ ಕ್ಯಾಪ್ರಿಸ್ ಆಧರಿಸಿದ ತುಣುಕನ್ನು ತೆರೆಮರೆಯಲ್ಲಿ ನುಡಿಸಿದವರೂ ಅವರೇ. ಉಳಿದ ಅನುಕರಣಕಾರರ ಪಟ್ಟಿ ಕೊಡುವುದರಲ್ಲಿ ಅರ್ಥವಿಲ್ಲ. ಅವರ ಆಲ್ಬಂಗಳಲ್ಲಿ ಅಭ್ಯಾಸದ ಪಾಠಗಳು ತುಂಬಿವೆ, ಕೃತಿಗಳು ಕಡಿಮೆ.

ಜೇಸನ್ ಬೆಕರ್ ಅವರದು ಬೇರೆಯೇ ಮಾತು. 1969ರಲ್ಲಿ ಹುಟ್ಟಿದ ಬೆಕರ್, ಮಾರ್ಟಿ ಫ್ರೀಡ್‌ಮನ್ ಜತೆ ಕ್ಯಾಕಾಫನಿ ಬ್ಯಾಂಡಿನಲ್ಲಿ 1987ರ ‘ಸ್ಪೀಡ್ ಮೆಟಲ್ ಸಿಂಫನಿ’ ನುಡಿಸಿದಾಗ ಇನ್ನೂ ಹದಿಹರೆಯದವರು. ಮರುವರ್ಷದ ‘ಪರ್ಪೆಚುಯಲ್ ಬರ್ನ್’ ಈ ಪ್ರಕಾರದ ಅತ್ಯುತ್ತಮ ಆಲ್ಬಂ ಎಂಬುದು ನನ್ನ ತೀರ್ಮಾನ. ‘ರೈಸಿಂಗ್ ಫೋರ್ಸ್’ಗೂ ಮೇಲೆ. ಮಾಲ್ಮ್‌ಸ್ಟೀನ್ ಒಂದು ಧಾಟಿಗೆ ಹಿಮ್ಮೇಳ ಇಟ್ಟು ಮೆರೆಯುತ್ತಾರೆ. ಬೆಕರ್ ಎರಡು ಧಾಟಿಗಳನ್ನು ಸಮಸಮನಾಗಿ ನಡೆಸಿ, ಒಂದು ಇನ್ನೊಂದಕ್ಕೆ ಉತ್ತರ ಕೊಡುವಂತೆ ಕಟ್ಟುತ್ತಾರೆ. ‘ಏರ್’ ಎಂಬ ರಚನೆಯಲ್ಲಿ ಮೆಟಲ್‌ನ ಗರಗರ ಸದ್ದು ಬಹುಮಟ್ಟಿಗೆ ಇಲ್ಲವೇ ಇಲ್ಲ. ಶುಭ್ರವಾದ ತಂತಿಗಳು ಒಂದನ್ನೊಂದು ಹೆಣೆದುಕೊಂಡು ಸಾಗುತ್ತವೆ. ಇಪ್ಪತ್ತು ತುಂಬುವ ಹೊತ್ತಿಗೆ ಅವರಿಗೆ ಎಎಲ್‌ಎಸ್ ಎಂಬ ನರರೋಗ ತಗುಲಿತು. ಕೈ ನಿಂತಿತು, ಮಾತೂ ನಿಂತಿತು. ತಂದೆ ರೂಪಿಸಿದ ಕಣ್ಸನ್ನೆಯ ಅಕ್ಷರಮಾಲೆಯಿಂದ ಅವರು ಸ್ವರಗಳನ್ನು ಹೇಳಿ ಬರೆಸುತ್ತಾರೆ. 1996ರಲ್ಲಿ ‘ಪರ್ಸ್ಪೆಕ್ಟಿವ್’, 2018ರಲ್ಲಿ ‘ಟ್ರಯಂಫಂಟ್ ಹಾರ್ಟ್ಸ್’ ಹೊರಬಂದವು. ಈ ಪ್ರಕಾರದಲ್ಲಿ ಬೆರಳಿಗಿಂತ ಹಿರಿದಾದದ್ದು ಇದೆ ಎನ್ನಲು ಇದಕ್ಕಿಂತ ಬೇರೆ ಪುರಾವೆ ಬೇಡ.

ಮಾಲ್ಮ್‌ಸ್ಟೀನ್ ಹಾದಿಯೂ ಸುಗಮವಾಗಿರಲಿಲ್ಲ. 1986ರ ‘ಟ್ರಿಲಜಿ’ಯ ಬಳಿಕ, 1987ರಲ್ಲಿ ಕಾರು ಅಪಘಾತದಲ್ಲಿ ಬಲಗೈಯ ನರಕ್ಕೆ ಪೆಟ್ಟು ಬಿತ್ತು. ಕೈಯನ್ನು ಮತ್ತೆ ಪಳಗಿಸಿ ಮಾಡಿದ 1988ರ ‘ಆಡಿಸಿ’ ಬಿಲ್‌ಬೋರ್ಡ್‌ನಲ್ಲಿ 40ನೇ ಸ್ಥಾನಕ್ಕೇರಿತು. 1998ರಲ್ಲಿ ಚೆಕ್ ಫಿಲ್‌ಹಾರ್ಮೋನಿಕ್ ಜತೆಗಿನ ಎಲೆಕ್ಟ್ರಿಕ್ ಗಿಟಾರ್ ಕನ್ಸರ್ಟೊ ಬಂತು. ವಾದ್ಯವೃಂದದ ಭಾಗಗಳನ್ನು ರೇನ್‌ಬೋದಲ್ಲಿದ್ದ ಡೇವಿಡ್ ರೋಸೆಂತಾಲ್ ಬರೆದುಕೊಟ್ಟರು. ಆಮೇಲಿನ ಆಲ್ಬಂಗಳಲ್ಲಿ ಅವರು ತಮ್ಮನ್ನೇ ಮತ್ತೆ ಮತ್ತೆ ನುಡಿಸಿಕೊಂಡರು ಎಂಬ ದೂರನ್ನು ನಾನೂ ಒಪ್ಪುತ್ತೇನೆ. ಯೊಹಾನ್ಸನ್‌ರಂಥ ಸಮಬಲದ ಜತೆಗಾರ ಪಕ್ಕದಲ್ಲಿಲ್ಲದ್ದು ಅದಕ್ಕೆ ಮುಖ್ಯ ಕಾರಣ.

1991ರ ನಂತರ ಗ್ರಂಜ್ ಅಲೆ ಎದ್ದಾಗ ಅಮೆರಿಕದಲ್ಲಿ ಸೋಲೋಗೇ ಬೆಲೆ ಇಲ್ಲವಾಯಿತು. 1993ರಲ್ಲಿ ರಾಬರ್ಟ್ ವಾಲ್ಸರ್ ‘ರನ್ನಿಂಗ್ ವಿತ್ ದಿ ಡೆವಿಲ್’ ಪುಸ್ತಕದಲ್ಲಿ ಈ ಗಿಟಾರಿಗರು ಶಾಸ್ತ್ರೀಯ ಸಂಗೀತವನ್ನು ಗಂಭೀರವಾಗಿ ಓದಿ ಅರಗಿಸಿಕೊಂಡವರು ಎಂದು ತೋರಿಸಿಕೊಡುವ ಹೊತ್ತಿಗೆ ಅಲ್ಲಿನ ಮಾರುಕಟ್ಟೆ ಅವರನ್ನು ಕೈಬಿಟ್ಟಾಗಿತ್ತು. ಪ್ರಕಾರ ಬೇರೆ ದೇಶಗಳಲ್ಲಿ ಚಿಗುರಿತು. ಜಪಾನ್ ಅದನ್ನು ಎಂದೂ ಬಿಡಲಿಲ್ಲ. ಫ್ರೀಡ್‌ಮನ್ ಅಲ್ಲೇ ನೆಲೆಸಿದರು. ಬ್ರೆಜಿಲ್‌ನ ಆಂಗ್ರಾ, ಅಮೆರಿಕದಲ್ಲೇ ಛಲ ಬಿಡದ ಸಿಂಫನಿ ಎಕ್ಸ್, ಫಿನ್ಲೆಂಡಿನ ಸ್ಟ್ರಾಟೊವೇರಿಯಸ್ ಅದನ್ನು ಇಡೀ ಬ್ಯಾಂಡಿನ ಸಂಗೀತವಾಗಿ ಬೆಳೆಸಿದವು. ಸ್ಟ್ರಾಟೊವೇರಿಯಸ್‌ಗೆ 1995ರಲ್ಲಿ ಕೀಬೋರ್ಡ್ ವಾದಕರಾಗಿ ಸೇರಿದವರು ಅದೇ ಯೆನ್ಸ್ ಯೊಹಾನ್ಸನ್. ಫಿನ್ಲೆಂಡಿನವರೇ ಆದ ಚಿಲ್ಡ್ರನ್ ಆಫ್ ಬೋಡಂ ಇದನ್ನು ಡೆತ್ ಮೆಟಲ್‌ನ ಕರ್ಕಶ ಕಂಠಕ್ಕೆ ಜೋಡಿಸಿದರು. 2005ರಲ್ಲಿ ತೈವಾನಿನ ಜೆರ‍್ರಿಸಿ ಪಾಹೆಲ್ಬೆಲ್‌ನ ಕ್ಯಾನನ್ನನ್ನು ರಾಕ್‌ಗೆ ಒಗ್ಗಿಸಿದ್ದನ್ನು ದಕ್ಷಿಣ ಕೊರಿಯಾದ ಫನ್‌ಟೂ ತನ್ನ ಕೋಣೆಯಲ್ಲಿ ನುಡಿಸಿದ ವಿಡಿಯೊ, ಯೂಟ್ಯೂಬಿನ ಮೊದಲ ವರ್ಷಗಳ ಅತಿ ಜನಪ್ರಿಯ ವಿಡಿಯೊಗಳಲ್ಲಿ ಒಂದಾಯಿತು. ಕಂಪನಿ, ಅಂಕಣಕಾರ, ಕ್ಯಾಸೆಟ್ಟು ಯಾವುದೂ ನಡುವೆ ಬೇಕಾಗಲಿಲ್ಲ.

ಹೊಸದಾಗಿ ಕೇಳುವವರು ಪಗನೀನಿಯ ಐದನೇ ಕ್ಯಾಪ್ರಿಸನ್ನು ಮೊದಲು ವಯಲಿನ್ನಿನಲ್ಲಿ ಕೇಳಿ, ಆಮೇಲೆ ‘ಫಾರ್ ಬಿಯಾಂಡ್ ದಿ ಸನ್’, ಕೊನೆಗೆ ಬೆಕರ್ ಅವರ ‘ಏರ್’. ವೀಣೆ, ವಯಲಿನ್ ಕಛೇರಿಗಳಲ್ಲಿ ಪಳಗಿದ ಕಿವಿಯವರು ಮೆಟಲ್ ಎಂಬ ಹೆಸರಿಗೆ ಬೆದರಿ ಇದರಿಂದ ದೂರ ಉಳಿಯಬೇಡಿ ಎಂಬುದು ನನ್ನ ಕೋರಿಕೆ.