ಹುಸಿ ಧನಾತ್ಮಕ ಫಲಿತಾಂಶ: ದೊಡ್ಡಕರುಳಿನ ಕ್ಯಾನ್ಸರ್ ತಪಾಸಣೆಯಲ್ಲಿ

ಮಲದಲ್ಲಿ ಕಣ್ಣಿಗೆ ಕಾಣದ ರಕ್ತವಿದೆ ಎಂದು ಪರೀಕ್ಷೆ ತೋರಿಸಿ, ಮುಂದೆ ಕರುಳಿನೊಳಗೆ ನೋಡುವ ಕೊಲೊನೊಸ್ಕೊಪಿಯಲ್ಲಿ ಕ್ಯಾನ್ಸರಾಗಲಿ, ಅದಕ್ಕೆ ತಿರುಗಬಲ್ಲ ಪಾಲಿಪ್ ಆಗಲಿ ಸಿಗದಿದ್ದರೆ ಅದು ಹುಸಿ ಧನಾತ್ಮಕ. ಹುಸಿಯಾಗುವುದು ಕ್ಯಾನ್ಸರಿನ ಮಟ್ಟಿಗೆ ಮಾತ್ರ. ಮೂಲವ್ಯಾಧಿ, ಕೊಕ್ಕೆಹುಳು, ನೋವಿನ ಮಾತ್ರೆಗಳಿಂದಾದ ಹುಣ್ಣು ಇವುಗಳಿಂದ ರಕ್ತ ನಿಜವಾಗಿಯೂ ಬಂದಿರಬಹುದು.

ಭಾರತದಲ್ಲಿ 2010ರಲ್ಲಿ ಶುರುವಾದ ರಾಷ್ಟ್ರೀಯ ಅಸಾಂಕ್ರಾಮಿಕ ರೋಗ ಕಾರ್ಯಕ್ರಮದ ಕ್ಯಾನ್ಸರ್ ತಪಾಸಣೆ ಬಾಯಿ, ಸ್ತನ, ಗರ್ಭಕಂಠಗಳಿಗೆ ಸೀಮಿತ. ಅಥಣಿ ತಾಲ್ಲೂಕಿನ ಅನಂತಪುರದಂಥ ಊರಿನವರಿಗೆ ಮಲಪರೀಕ್ಷೆ ಆಗುವುದು ರಕ್ತಹೀನತೆಗೋ ಹೊಟ್ಟೆನೋವಿಗೋ ವೈದ್ಯರು ಬರೆದುಕೊಟ್ಟಾಗ. ಮುಂದಿನ ತಪಾಸಣೆಗೆ ಮಿರಜ, ಸಾಂಗ್ಲಿ ಇಲ್ಲವೇ ಬೆಳಗಾವಿಗೆ ಹೋಗಬೇಕು. ಆದ್ದರಿಂದ ಲಕ್ಷಣವಿಲ್ಲದವರ ತಪಾಸಣೆಯಿಂದ ಬಂದ ಕೆಳಗಿನ ವಿದೇಶಿ ಅಂಕಿಗಳನ್ನು ಇಲ್ಲಿಗೆ ಹಾಗೆಯೇ ಅನ್ವಯಿಸಲಾಗದು.

ಹಳೆಯ ಗ್ವಾಯಾಕ್ ಪರೀಕ್ಷೆಯಲ್ಲಿ ಮಲ ಸವರಿದ ಕಾಗದದ ಮೇಲೆ ಹೈಡ್ರೋಜನ್ ಪೆರಾಕ್ಸೈಡ್ ಹನಿಸಿದಾಗ ರಕ್ತದ ಹೀಮ್ ಇದ್ದರೆ ನೀಲಿ ಬಣ್ಣ ಏಳುತ್ತದೆ. ಆ ಹೀಮ್ ಮನುಷ್ಯನದೋ ತಿಂದ ಕುರಿಮಾಂಸದ್ದೋ ಎಂಬ ಭೇದ ಅದಕ್ಕೆ ತಿಳಿಯದು. ಜೋಳದ ರೊಟ್ಟಿಯ ಜೊತೆ ಕಡಿಯುವ ಹಸಿ ಮೂಲಂಗಿಯ ಪೆರಾಕ್ಸಿಡೇಸ್ ಕೂಡ ಬಣ್ಣ ಎಬ್ಬಿಸಬಲ್ಲದು. ಆದರೂ ಪಥ್ಯದಿಂದ ಫಲಿತಾಂಶ ಹೆಚ್ಚೇನೂ ಬದಲಾಗುವುದಿಲ್ಲವೆಂದು ನಂತರದ ವಿಶ್ಲೇಷಣೆಗಳು ಹೇಳುತ್ತವೆ. ಮಾನವ ಗ್ಲೋಬಿನ್ನನ್ನೇ ಗುರುತಿಸುವ ಇಂದಿನ ಫಿಟ್ ಪರೀಕ್ಷೆಗೆ ಈ ತೊಡಕಿಲ್ಲ. ಹಾಗಿದ್ದೂ ರೋಗ ವಿರಳವಾದಲ್ಲಿ ಹುಸಿಯೇ ಹೆಚ್ಚು. ಹತ್ತು ಸಾವಿರ ಜನರಲ್ಲಿ ಹತ್ತು ಮಂದಿಗೆ ಕ್ಯಾನ್ಸರಿದೆ, ಪರೀಕ್ಷೆ ನೂರಕ್ಕೆ 74 ರೋಗಿಗಳನ್ನು ಹಿಡಿಯುತ್ತದೆ, ರೋಗವಿಲ್ಲದವರಲ್ಲಿ ನೂರಕ್ಕೆ 94 ಮಂದಿಯನ್ನು ಸರಿಯಾಗಿ ಬಿಡುತ್ತದೆ ಎಂದಿಟ್ಟುಕೊಂಡರೆ, ಪಾಲಿಪ್ ಬಿಟ್ಟು ಕ್ಯಾನ್ಸರನ್ನಷ್ಟೇ ಎಣಿಸಿದಾಗ, ಏಳು ನಿಜಕ್ಕೆ ಸುಮಾರು 600 ಹುಸಿ.

ಮಿನ್ನೆಸೋಟ ವಾದ. ಬೇರೆ ಕಾರಣದ ರಕ್ತದಿಂದ ಬಂದ ಧನಾತ್ಮಕ ಫಲಿತಾಂಶವೇ ಪ್ರಾಣ ಉಳಿಸಿರಬಹುದೇ ಎಂಬ ಪ್ರಶ್ನೆ ಎದ್ದದ್ದು ಇಲ್ಲಿ. ಅಮೆರಿಕದ ಈ ಪ್ರಯೋಗಕ್ಕೆ 1975ರಿಂದ 46,551 ಮಂದಿಯನ್ನು ಸೇರಿಸಿಕೊಂಡರು. ಒಣಗಿದ ಮಾದರಿಗೆ ಒಂದು ಹನಿ ನೀರು ಹಾಕಿ ಓದುವ ಪದ್ಧತಿಗೆ ಬಂದಾಗ ಧನಾತ್ಮಕ ಪ್ರಮಾಣ ಶೇ. 2.4ರಿಂದ 9.8ಕ್ಕೇರಿತು. ಪ್ರತಿವರ್ಷ ಪರೀಕ್ಷೆ ಮಾಡಿಸಿಕೊಂಡವರಲ್ಲಿ ಈ ಕ್ಯಾನ್ಸರಿನ ಸಾವು ಶೇ. 33ರಷ್ಟು ತಗ್ಗಿತೆಂದು 1993ರಲ್ಲಿ ವರದಿಯಾಯಿತು. ಇಷ್ಟು ಜನರನ್ನು ಕೊಲೊನೊಸ್ಕೊಪಿಗೆ ಕಳಿಸಿದರೆ ರಕ್ತಸ್ರಾವಕ್ಕೆ ಸಂಬಂಧವಿಲ್ಲದ ಗಡ್ಡೆಯೂ ಅಕಸ್ಮಾತ್ ಸಿಕ್ಕೀತು, ಲಾಭದ ಮೂರನೇ ಒಂದು ಭಾಗದಿಂದ ಅರ್ಧದವರೆಗೆ ಅದರದೇ ಎಂದು ಸಂಶೋಧಕರಾದ ಲ್ಯಾಂಗ್ ಮತ್ತು ರಾನ್ಸೊಹೋಫ್ 1994ರಲ್ಲಿ ವಾದಿಸಿದರು. ಪ್ರಯೋಗದ ತಂಡ 1997ರಲ್ಲಿ ಅದನ್ನು ಶೇ. 16–25ಕ್ಕೆ ಇಳಿಸಿತು. ಎರಡೂ ಪಕ್ಷಗಳು ಅಕಸ್ಮಾತ್ತಿನ ಪಾಲನ್ನು ಒಪ್ಪಿದವೆಂಬುದೇ ಇಲ್ಲಿ ಮುಖ್ಯ.

ದೀರ್ಘಕಾಲದ ಪರಿಣಾಮ. ಕರುಳು ಚೊಕ್ಕವಾಗಿದ್ದು ಕೊಲೊನೊಸ್ಕೊಪಿ ಪೂರ್ತಿಯಾಗಿ ನಡೆದಿದ್ದರೆ ಮುಂದಿನ ಸುಮಾರು ಹತ್ತು ವರ್ಷ ದೊಡ್ಡಕರುಳಿನ ಕ್ಯಾನ್ಸರಿನ ಸಂಭವ ಕಡಿಮೆ. ಆದರೆ ‘ಏನೂ ಇಲ್ಲ’ ಎಂಬ ಮಾತಿನ ಬೆಲೆ ನೋಡಿದವರ ಕೈಚಳಕದ ಮೇಲೆ ನಿಂತಿದೆ. ಗಡ್ಡೆ ಕಂಡುಹಿಡಿಯುವ ಪ್ರಮಾಣ ಶೇ. 20ಕ್ಕಿಂತ ಕಡಿಮೆಯಿದ್ದ ವೈದ್ಯರು ನೋಡಿದವರಲ್ಲಿ ಮುಂದಿನ ತಪಾಸಣೆಗೆ ಮುನ್ನವೇ ಕ್ಯಾನ್ಸರ್ ಕಾಣಿಸಿಕೊಳ್ಳುವ ಅಪಾಯ ಬಹಳ ಹೆಚ್ಚೆಂದು ಪೋಲೆಂಡಿನ 2010ರ ಅಧ್ಯಯನ ತೋರಿಸಿತು. ಕೊಲೊನೊಸ್ಕೊಪಿಯಿಂದಲೂ ಅಪಾಯವಿಲ್ಲದಿಲ್ಲ, ಹತ್ತು ಸಾವಿರಕ್ಕೆ ಸುಮಾರು ಐವರಲ್ಲಿ ಕರುಳು ತೂತಾಗುತ್ತದೆ. ಮನಸ್ಸಿನ ಕಳವಳ ಹೆಚ್ಚಿನವರಲ್ಲಿ ಇಳಿಯುತ್ತದೆ, ಕೆಲವರಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ.

ಸ್ಕಾಟ್ಲೆಂಡಿನ ಟೇಸೈಡ್‌ನಲ್ಲಿ 134,192 ಮಂದಿಯನ್ನು ಗಮನಿಸಿದ 2018ರ ಅಧ್ಯಯನದಲ್ಲಿ ಧನಾತ್ಮಕರು ದೊಡ್ಡಕರುಳಿನ ಕ್ಯಾನ್ಸರ್ ಬಿಟ್ಟು ಇತರ ಕಾರಣಗಳಿಂದ ಸಾಯುವ ಅಪಾಯ ಋಣಾತ್ಮಕರಿಗೆ ಹೋಲಿಸಿದರೆ 1.58 ಪಟ್ಟು ಕಂಡಿತು. ಇದರಲ್ಲಿ ನಿಜ ಧನಾತ್ಮಕರೂ ಸೇರಿದ್ದಾರೆ. ಕಾರಣ ಇನ್ನೂ ಊಹೆಯೇ.

ಫಿಟ್ ಧನಾತ್ಮಕವಾಗಿ ಕೊಲೊನೊಸ್ಕೊಪಿಯಲ್ಲಿ ಏನೂ ಸಿಗದಿದ್ದರೆ, ಲಕ್ಷಣವಾಗಲಿ ರಕ್ತಹೀನತೆಯಾಗಲಿ ಇಲ್ಲದವರಿಗೆ ಜಠರದ ಎಂಡೊಸ್ಕೊಪಿ ಬೇಡವೆಂಬುದು ಅಮೆರಿಕದ ತಜ್ಞರ 2017ರ ಸಲಹೆ. ಕಬ್ಬಿಣಾಂಶ ಕಡಿಮೆಯಿರುವವರಿಗೆ ಈ ಮಾತು ಸಲ್ಲದು: ಅವರ ಜಠರ, ಸಣ್ಣಕರುಳುಗಳನ್ನೂ ಕೊಕ್ಕೆಹುಳುವನ್ನೂ ನೋಡಬೇಕಾಗಬಹುದು.