ಥೈರಾಯ್ಡಿನ ಹಿಂದೆ ನಾಲ್ಕು ಕಾಳು

ಲಂಡನ್ನಿನ ರೀಜೆಂಟ್ಸ್ ಪಾರ್ಕ್ ಮೃಗಾಲಯದಲ್ಲಿ 1849ರ ನವೆಂಬರ್ ತಿಂಗಳಲ್ಲಿ ಒಂದು ಘೇಂಡಾಮೃಗ ಸತ್ತುಹೋಯಿತು. ಭಾರತದ ಒಂಟಿಕೊಂಬಿನ ಜಾತಿಯ ಪ್ರಾಣಿ ಅದು. 1834ರಲ್ಲಿ ಒಂದು ಸಾವಿರ ಗಿನಿ ಕೊಟ್ಟು ಅದನ್ನು ಕೊಂಡಿದ್ದರು. ಅಷ್ಟು ಬೆಲೆಬಾಳುವ ಪ್ರಾಣಿಯ ಕಳೇಬರವನ್ನು ಸುಮ್ಮನೆ ಮಣ್ಣುಪಾಲು ಮಾಡುವಂತಿರಲಿಲ್ಲ. ಆ ಕಾಲದ ಹೆಸರಾಂತ ಅಂಗರಚನಾ ಶಾಸ್ತ್ರಜ್ಞ ರಿಚರ್ಡ್ ಓವೆನ್ ಆ ಚಳಿಗಾಲದಲ್ಲಿ ಅದನ್ನು ಅಂಗ ಅಂಗವಾಗಿ ಬಿಡಿಸಿ ಪರೀಕ್ಷಿಸಿದರು. ಕುತ್ತಿಗೆಯ ಥೈರಾಯ್ಡ್ ಗ್ರಂಥಿಯಿಂದ ರಕ್ತನಾಳವೊಂದು ಹೊರಡುವ ಜಾಗದಲ್ಲಿ, ಗ್ರಂಥಿಗೆ ಅಂಟಿಕೊಂಡಂತೆ, ಹಳದಿ ಬಣ್ಣದ ಒಂದು ಪುಟ್ಟ ಗಂಟು ಅವರ ಕಣ್ಣಿಗೆ ಬಿತ್ತು. ಅದನ್ನು ಚುಟುಕಾಗಿ ಬರೆದಿಟ್ಟು ಅವರು ಮುಂದಿನ ಅಂಗಕ್ಕೆ ಹೋದರು.

ಆ ಗಂಟು ಏನು, ಅದರ ಕೆಲಸವೇನು ಎಂಬುದು ತಿಳಿಯಲು ಮುಂದೆ ಮುಕ್ಕಾಲು ಶತಮಾನ ಬೇಕಾಯಿತು. ಅಷ್ಟರಲ್ಲಿ ಎಷ್ಟೋ ರೋಗಿಗಳು ಸೆಟೆದುಕೊಂಡು ಸತ್ತಿದ್ದರು, ಇನ್ನೆಷ್ಟೋ ಮಂದಿಯ ಮೂಳೆಗಳು ಟೊಳ್ಳಾಗಿ ಮುರಿದಿದ್ದವು.

ರಕ್ತಪರೀಕ್ಷೆಯ ವರದಿಯಲ್ಲಿ ಕ್ಯಾಲ್ಸಿಯಂ ಹೆಚ್ಚಿದೆ ಎಂದು ಬಂದರೆ, ಮೊದಲೇ ಥೈರಾಯ್ಡ್ ಮಾತ್ರೆ ನುಂಗುತ್ತಿರುವವರು ತಮ್ಮ ಥೈರಾಯ್ಡನ್ನೇ ದೂರುವುದು ಸಹಜ. ಈ ಗುಮಾನಿಯಲ್ಲಿ ಸ್ವಲ್ಪ ನಿಜವಿದೆ. ಆದರೆ ಬಹುಪಾಲು ಸಂದರ್ಭಗಳಲ್ಲಿ ತಪ್ಪು ಥೈರಾಯ್ಡಿನದಲ್ಲ, ಅದರ ಬೆನ್ನಿಗೆ ಅಂಟಿಕೊಂಡ ನೆರೆಯವರದು. ಓವೆನ್ ಕಂಡ ಗಂಟು ಆ ನೆರೆಯವರಲ್ಲಿ ಒಂದು.

ಈ ನೆರೆಯವರ ಹೆಸರು ಪ್ಯಾರಾಥೈರಾಯ್ಡ್ ಗ್ರಂಥಿಗಳು. ಥೈರಾಯ್ಡಿನ ಪಕ್ಕದಲ್ಲಿರುವುದು ಎಂಬುದಷ್ಟೇ ಆ ಹೆಸರಿನ ಅರ್ಥ. ಸಾಮಾನ್ಯವಾಗಿ ನಾಲ್ಕು ಇರುತ್ತವೆ, ಒಂದೊಂದೂ ಅಕ್ಕಿಕಾಳಿನಷ್ಟು. ನಾಲ್ಕನ್ನೂ ಕೂಡಿಸಿ ತೂಗಿದರೆ ಕಾಲು ಗ್ರಾಂ ಆಗದು. ಥೈರಾಯ್ಡ್ ದೇಹದ ಕೆಲಸಗಳ ವೇಗವನ್ನು ನೋಡಿಕೊಂಡರೆ, ಈ ಕಾಳುಗಳು ರಕ್ತದಲ್ಲಿನ ಸುಣ್ಣದ ಅಂಶವನ್ನು, ಎಂದರೆ ಕ್ಯಾಲ್ಸಿಯಮ್ಮನ್ನು, ನೋಡಿಕೊಳ್ಳುತ್ತವೆ. ಎರಡಕ್ಕೂ ಜಾಗ ಒಂದೇ, ಕೆಲಸ ಬೇರೆ ಬೇರೆ.

ಉಪ್ಸಾಲದ ವಿದ್ಯಾರ್ಥಿ

ಮನುಷ್ಯನಲ್ಲಿ ಈ ಗ್ರಂಥಿಗಳನ್ನು ಗುರುತಿಸಿ ಹೆಸರಿಟ್ಟವರು ಸ್ವೀಡನ್ನಿನ ಈವಾರ್ ಸ್ಯಾಂಡ್‌ಸ್ಟ್ರೋಮ್. ಉಪ್ಸಾಲ ವಿಶ್ವವಿದ್ಯಾಲಯದಲ್ಲಿ ವೈದ್ಯ ವಿದ್ಯಾರ್ಥಿಯಾಗಿದ್ದಾಗ, 1877ರಲ್ಲಿ, ನಾಯಿಯೊಂದರ ಥೈರಾಯ್ಡಿನ ಮೇಲೆ ಕಾಳಿನಂಥ ವಸ್ತುವನ್ನು ಅವರು ಕಂಡರು. ಆಮೇಲೆ ಬೆಕ್ಕು, ಮೊಲ, ಎತ್ತು, ಕುದುರೆಗಳಲ್ಲಿ ಹುಡುಕಿದರು. ಕೊನೆಗೆ 50 ಮಾನವ ಶವಗಳನ್ನು ಪರೀಕ್ಷಿಸಿದರು. ಅವುಗಳಲ್ಲಿ 43ರಲ್ಲಿ ಎರಡೂ ಬದಿಗೆ ಎರಡೆರಡು ಗ್ರಂಥಿಗಳು ಸಿಕ್ಕವು. 1880ರಲ್ಲಿ ಅವರು ಇದನ್ನು ಸ್ವೀಡಿಷ್ ಭಾಷೆಯ ಪತ್ರಿಕೆಯೊಂದರಲ್ಲಿ ಪ್ರಕಟಿಸಿದರು. ಹೊರಗಿನ ವೈದ್ಯಲೋಕ ಅದನ್ನು ಹೆಚ್ಚಾಗಿ ಗಮನಿಸಲಿಲ್ಲ. ಮಾನಸಿಕ ಕಾಯಿಲೆಯಿಂದ ನರಳುತ್ತಿದ್ದ ಸ್ಯಾಂಡ್‌ಸ್ಟ್ರೋಮ್ 1889ರಲ್ಲಿ, ಇನ್ನೂ 37ನೆಯ ವಯಸ್ಸಿನಲ್ಲಿ, ತಮ್ಮ ಬದುಕನ್ನು ತಾವೇ ಕೊನೆಗೊಳಿಸಿಕೊಂಡರು. ತಾವು ಹೆಸರಿಟ್ಟ ಗ್ರಂಥಿಯ ಕೆಲಸವೇನೆಂಬುದು ಅವರಿಗೆ ತಿಳಿಯಲೇ ಇಲ್ಲ.

ಇಬ್ಬರು ಶಸ್ತ್ರವೈದ್ಯರ ಕೈಗುಣ

ಉತ್ತರ ದೊರಕಿದ್ದು ಗಳಗಂಡದ ಶಸ್ತ್ರಚಿಕಿತ್ಸೆಯಿಂದ. ಆಲ್ಪ್ಸ್ ಪರ್ವತ ಪ್ರದೇಶದ ನೆಲದಲ್ಲೂ ನೀರಿನಲ್ಲೂ ಅಯೋಡಿನ್ ಕಡಿಮೆ. ಹೀಗಾಗಿ ಸ್ವಿಟ್ಜರ್ಲೆಂಡ್, ಆಸ್ಟ್ರಿಯಾಗಳಲ್ಲಿ ಥೈರಾಯ್ಡ್ ಊದಿ ಕುತ್ತಿಗೆ ದಪ್ಪವಾಗುವ ಗಳಗಂಡ ಮನೆಮನೆಯ ಕಾಯಿಲೆಯಾಗಿತ್ತು. ಅರಿವಳಿಕೆ ಮತ್ತು ನಂಜುನಿವಾರಕಗಳು ಬಳಕೆಗೆ ಬಂದ ಮೇಲೆ ಊದಿದ ಗ್ರಂಥಿಯನ್ನು ಕತ್ತರಿಸಿ ತೆಗೆಯುವ ಧೈರ್ಯ ವೈದ್ಯರಿಗೆ ಬಂತು. ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ ಥಿಯೋಡೋರ್ ಕೋಕರ್, ಆಸ್ಟ್ರಿಯಾದ ವಿಯೆನ್ನಾದಲ್ಲಿ ಥಿಯೋಡೋರ್ ಬಿಲ್‌ರೋತ್ ಇಬ್ಬರೂ ಈ ಕೆಲಸದಲ್ಲಿ ಎತ್ತಿದ ಕೈ.

ಆದರೆ ಇಬ್ಬರ ರೋಗಿಗಳಿಗೂ ಬಂದ ತೊಂದರೆ ಒಂದೇ ಆಗಿರಲಿಲ್ಲ. ಕೋಕರರ ರೋಗಿಗಳು ಗುಣವಾಗಿ ಮನೆಗೆ ಹೋಗುತ್ತಿದ್ದರು. ಕೆಲವು ತಿಂಗಳಾದ ಮೇಲೆ ಮುಖ ಊದಿ, ಬುದ್ಧಿ ಮಂದವಾಗಿ, ಜಡರಾಗುತ್ತಿದ್ದರು. 1883ರಲ್ಲಿ ಕೋಕರರೇ ಇದನ್ನು ವೈದ್ಯರ ಸಭೆಯ ಮುಂದಿಟ್ಟರು. ಬಿಲ್‌ರೋತ್‌ರ ರೋಗಿಗಳಲ್ಲಿ ಕೆಲವರಿಗೆ ಕೆಲವೇ ದಿನಗಳಲ್ಲಿ ತುಟಿ, ಬೆರಳುಗಳು ಜುಮ್ಮೆನ್ನುತ್ತಿದ್ದವು, ಕೈಕಾಲು ಸೆಟೆದುಕೊಳ್ಳುತ್ತಿದ್ದವು, ಕೆಲವರು ಸತ್ತೇಹೋಗುತ್ತಿದ್ದರು. ಈ ಸೆಟೆತಕ್ಕೆ ಟೆಟನಿ ಎಂದು ಹೆಸರು. ಗಾಯದ ನಂಜಿನಿಂದ ಬರುವ ಧನುರ್ವಾಯುವೇ ಬೇರೆ, ಇದೇ ಬೇರೆ.

ಒಂದೇ ಗ್ರಂಥಿಯನ್ನು ತೆಗೆದರೆ ಎರಡು ಬಗೆಯ ಫಲವೇಕೆ? ಅಮೆರಿಕದ ಶಸ್ತ್ರವೈದ್ಯ ವಿಲಿಯಂ ಹಾಲ್‌ಸ್ಟೆಡ್ ಇಬ್ಬರ ಶಸ್ತ್ರಕ್ರಿಯೆಗಳನ್ನೂ ಕಣ್ಣಾರೆ ನೋಡಿದ್ದವರು. ಅವರು ಹಲವು ವರ್ಷಗಳ ಮೇಲೆ ಕೊಟ್ಟ ವಿವರಣೆ ಕುತೂಹಲಕರ. ಕೋಕರರದು ನಿಧಾನದ, ಅಚ್ಚುಕಟ್ಟಾದ ಕೈ. ರಕ್ತ ಹರಿಯಲು ಬಿಡದೆ, ಸುತ್ತಲಿನ ಅಂಗಾಂಶಕ್ಕೆ ಗಾಸಿ ಮಾಡದೆ ಥೈರಾಯ್ಡನ್ನು ಮಾತ್ರ ಪೂರ್ತಿಯಾಗಿ ಬಿಡಿಸಿ ತೆಗೆಯುತ್ತಿದ್ದರು. ಹಿಂದಿನ ಕಾಳುಗಳು ಅಲ್ಲಿಯೇ ಉಳಿಯುತ್ತಿದ್ದವು. ಬಿಲ್‌ರೋತ್‌ರದು ಅವಸರದ ಕೈ. ಥೈರಾಯ್ಡಿನ ಚೂರುಗಳು ಒಳಗೆ ಉಳಿದುಬಿಡುತ್ತಿದ್ದವು, ಕಾಳುಗಳು ಹಾಳಾಗುತ್ತಿದ್ದವು. ಎರಡು ಗ್ರಂಥಿಗಳ ಕೆಲಸ ಬೇರೆಬೇರೆ ಎಂಬುದನ್ನು ಇಬ್ಬರ ಕೈಗುಣ ತಿಳಿಯದೆಯೇ ತೋರಿಸಿಕೊಟ್ಟಿತ್ತು. ಥೈರಾಯ್ಡ್ ಕುರಿತ ಕೆಲಸಕ್ಕಾಗಿ ಕೋಕರರಿಗೆ 1909ರಲ್ಲಿ ನೊಬೆಲ್ ಬಹುಮಾನ ಬಂತು.

ಇದಕ್ಕೆ ಪ್ರಯೋಗದ ಆಧಾರ ಒದಗಿಸಿದ್ದು ಪ್ರಾಣಿಗಳ ಮೇಲಿನ ಅಧ್ಯಯನ. ಥೈರಾಯ್ಡ್ ತೆಗೆದರೆ ನಾಯಿ, ಬೆಕ್ಕುಗಳು ಸೆಟೆದುಕೊಂಡು ಸಾಯುತ್ತಿದ್ದವು, ಮೊಲಗಳು ಮಾತ್ರ ಬದುಕುತ್ತಿದ್ದವು. 1891ರಲ್ಲಿ ಫ್ರಾನ್ಸಿನ ಯೂಜೀನ್ ಗ್ಲೇ ಇದರ ಗುಟ್ಟು ಹಿಡಿದರು. ಮೊಲದಲ್ಲಿ ಎರಡು ಕಾಳುಗಳು ಥೈರಾಯ್ಡಿನಿಂದ ದೂರ ಇರುತ್ತವೆ; ಕತ್ತರಿಗೆ ಸಿಗುವುದಿಲ್ಲ. ಅವನ್ನೂ ತೆಗೆದರೆ ಮೊಲಕ್ಕೂ ಸೆಟೆತ ತಪ್ಪುತ್ತಿರಲಿಲ್ಲ. ಥೈರಾಯ್ಡನ್ನು ಹಾಗೆಯೇ ಬಿಟ್ಟು ಕಾಳುಗಳನ್ನಷ್ಟೇ ತೆಗೆದರೂ ಸೆಟೆತ ಬರುತ್ತದೆ ಎಂದು 1896ರಲ್ಲಿ ಇಟಲಿಯ ವಸಾಲೆ ಮತ್ತು ಜೆನೆರಾಲಿ ತೋರಿಸಿದರು. ಅಮೆರಿಕದ ಬಾಲ್ಟಿಮೋರ್‌ನಲ್ಲಿ ಮೆಕಾಲಮ್ ಮತ್ತು ಫೋಕ್ಟ್ಲಿನ್ 1909ರ ಹೊತ್ತಿಗೆ ಕೊನೆಯ ಕೊಂಡಿಯನ್ನು ಬೆಸೆದರು. ಕಾಳು ತೆಗೆದ ಪ್ರಾಣಿಯ ರಕ್ತದಲ್ಲಿ ಕ್ಯಾಲ್ಸಿಯಂ ಇಳಿದಿರುತ್ತದೆ. ಸುಣ್ಣದ ಲವಣವನ್ನು ರಕ್ತಕ್ಕೆ ಚುಚ್ಚಿದರೆ ಸೆಟೆತ ನಿಲ್ಲುತ್ತದೆ.

ತಲೆಕೆಳಗಾದ ತರ್ಕ

ಕಾಳು ಇಲ್ಲದಿದ್ದರೆ ಕ್ಯಾಲ್ಸಿಯಂ ಇಳಿಯುತ್ತದೆ ಎಂಬುದು ಹೀಗೆ ಗೊತ್ತಾಯಿತು. ಕಾಳು ಬೆಳೆದರೆ ಏನಾಗುತ್ತದೆ? ಇಲ್ಲಿ ವೈದ್ಯರು ಎಡವಿದರು.

1891ರಲ್ಲಿ ಜರ್ಮನಿಯ ಫ್ರೀಡ್ರಿಕ್ ಫಾನ್ ರೆಕ್ಲಿಂಗ್‌ಹೌಸೆನ್, ಮೂಳೆಗಳು ಮೆತ್ತಗಾಗಿ, ಒಳಗೆ ಗುಳ್ಳೆಗಳೆದ್ದು, ಅಲ್ಲಲ್ಲಿ ಮುರಿಯುವ ಒಂದು ಘೋರ ಕಾಯಿಲೆಯನ್ನು ವಿವರಿಸಿದ್ದರು. ಇಂಥ ರೋಗಿಗಳ ಶವಪರೀಕ್ಷೆಯಲ್ಲಿ ಕೆಲವೊಮ್ಮೆ ಪ್ಯಾರಾಥೈರಾಯ್ಡ್ ಒಂದು ದೊಡ್ಡದಾಗಿರುವುದು ಕಾಣುತ್ತಿತ್ತು. ವಿಯೆನ್ನಾದ ಯಾಕೋಬ್ ಎರ್ಡ್‌ಹೈಮ್ ಇದಕ್ಕೆ ಕೊಟ್ಟ ವಿವರಣೆ ಹೀಗಿತ್ತು: ಮೂಳೆ ಕ್ಷೀಣಿಸಿದ್ದರಿಂದ, ಆ ನಷ್ಟವನ್ನು ತುಂಬಿಕೊಡಲು ಗ್ರಂಥಿ ಬೆಳೆದಿದೆ. ಅದು ರೋಗದ ಕಾರಣವಲ್ಲ, ಪರಿಣಾಮ. ಈ ಮಾತನ್ನು ಬಹುಪಾಲು ವೈದ್ಯರು ಒಪ್ಪಿದರು.

1920ರ ದಶಕದಲ್ಲಿ ಅದೇ ವಿಯೆನ್ನಾದ ಒಬ್ಬ ಟ್ರಾಮ್ ಕಂಡಕ್ಟರನಿಗೆ ಈ ಮೂಳೆರೋಗ ಬಂತು. ತೊಡೆಯ ಮೂಳೆ ಮುರಿದು ಅವನು ಹಾಸಿಗೆ ಹಿಡಿದ. ಮೂತ್ರದಲ್ಲಿ ಸುಣ್ಣ ಬಿಳಿಯ ಗಸಿಯಾಗಿ ಇಳಿಯುತ್ತಿತ್ತು. ಶಸ್ತ್ರವೈದ್ಯ ಫೆಲಿಕ್ಸ್ ಮಾಂಡ್ಲ್ ಆಗಿನ ನಂಬಿಕೆಯಂತೆಯೇ ನಡೆದರು. ಅಪಘಾತದಲ್ಲಿ ಸತ್ತವನೊಬ್ಬನ ಪ್ಯಾರಾಥೈರಾಯ್ಡ್‌ಗಳನ್ನು ತೆಗೆದು ಈ ರೋಗಿಗೆ ಕಸಿ ಮಾಡಿದರು. ಗುಣವಾಗಲಿಲ್ಲ. ಆಗ ಮಾಂಡ್ಲ್ ತರ್ಕವನ್ನು ತಿರುಗಿಸಿದರು. 1925ರ ಜುಲೈ ಕೊನೆಯಲ್ಲಿ ಅವನ ಕುತ್ತಿಗೆಯನ್ನು ತೆರೆದು, ಬೆಳೆದಿದ್ದ ಗ್ರಂಥಿಯನ್ನೇ ತೆಗೆದುಹಾಕಿದರು. ಕೆಲವೇ ದಿನಗಳಲ್ಲಿ ಮೂತ್ರದ ಸುಣ್ಣ ಇಳಿಯಿತು, ನೋವು ಕಡಿಮೆಯಾಯಿತು. ಮುಂದೆ ಅವನು ಎದ್ದು ಓಡಾಡಿದ. ಕೆಲವು ವರ್ಷಗಳ ನಂತರ ರೋಗ ಮರುಕಳಿಸಿತಾದರೂ, ಗ್ರಂಥಿಯ ಬೆಳವಣಿಗೆಯೇ ಮೂಳೆರೋಗದ ಮೂಲ ಎಂಬ ಮಾತು ನಿಂತಿತು.

ಅದೇ 1925ರಲ್ಲಿ, ಇನ್ಸುಲಿನ್ ಶುದ್ಧೀಕರಣದಲ್ಲಿ ಪಾಲ್ಗೊಂಡಿದ್ದ ಕೆನಡಾದ ಜೇಮ್ಸ್ ಕಾಲಿಪ್, ಪ್ಯಾರಾಥೈರಾಯ್ಡಿನ ಸಾರವನ್ನು ಬೇರ್ಪಡಿಸಿ ನಾಯಿಗಳಿಗೆ ಚುಚ್ಚಿದರು. ರಕ್ತದ ಕ್ಯಾಲ್ಸಿಯಂ ಏರಿತು. ಅತಿಯಾಗಿ ಕೊಟ್ಟಾಗ ನಾಯಿಗಳು ಸತ್ತವು. ಸುಣ್ಣ ಕಡಿಮೆಯಾದರೆ ಸೆಟೆತ, ಮಿತಿಮೀರಿದರೆ ಸಾವು. ಎರಡರ ನಡುವಿನ ತಕ್ಕಡಿ ಈ ಕಾಳುಗಳ ಕೈಯಲ್ಲಿತ್ತು.

ಆದರೆ ಕಾಳನ್ನು ಹುಡುಕುವುದೂ ಸುಲಭವಲ್ಲ. ಭ್ರೂಣ ಬೆಳೆಯುವಾಗ ಅದು ಕೆಲವೊಮ್ಮೆ ಎದೆಗೂಡಿನೊಳಕ್ಕೆ ಜಾರಿರುತ್ತದೆ. ಅಮೆರಿಕದ ಹಡಗಿನ ಕಪ್ತಾನನೊಬ್ಬ ಇದೇ ರೋಗದಿಂದ ಹಲವು ಅಂಗುಲ ಕುಗ್ಗಿಹೋಗಿದ್ದ. 1926ರಿಂದ ಅವನ ಕುತ್ತಿಗೆಯನ್ನು ಮತ್ತೆ ಮತ್ತೆ ತೆರೆದರೂ ಬೆಳೆದ ಗ್ರಂಥಿ ಸಿಗಲಿಲ್ಲ. 1932ರಲ್ಲಿ ಬಾಸ್ಟನ್ನಿನಲ್ಲಿ ಏಳನೆಯ ಶಸ್ತ್ರಕ್ರಿಯೆಯಲ್ಲಿ ಎದೆಯೊಳಗೆ ಅದು ದೊರೆಯಿತು. ಕ್ಯಾಲ್ಸಿಯಂ ಇಳಿಯಿತು, ಆದರೆ ಅಷ್ಟರಲ್ಲಿ ಮೂತ್ರಪಿಂಡಗಳಲ್ಲಿ ಕಲ್ಲು ಕಟ್ಟಿತ್ತು. ಕಲ್ಲಿನ ಶಸ್ತ್ರಚಿಕಿತ್ಸೆಯ ನಂತರ, ಕೆಲವೇ ವಾರಗಳಲ್ಲಿ ಅವನು ತೀರಿಕೊಂಡ. ಅದೇ ನಗರದ ಫುಲ್ಲರ್ ಆಲ್‌ಬ್ರೈಟ್ ಮತ್ತು ಸಂಗಡಿಗರು ಮೂತ್ರಪಿಂಡದಲ್ಲಿ ಕಲ್ಲಿರುವವರ ರಕ್ತವನ್ನು ಪರೀಕ್ಷಿಸತೊಡಗಿದಾಗ, ಮೂಳೆ ಕೆಡುವ ಮುನ್ನವೇ ಈ ರೋಗವನ್ನು ಹಿಡಿಯಬಹುದೆಂಬುದು ತಿಳಿದುಬಂತು.

ಥೈರಾಯ್ಡಿನ ಪಾಲೆಷ್ಟು?

ವಯಸ್ಕರ ದೇಹದಲ್ಲಿ ಸುಮಾರು ಒಂದು ಕಿಲೋ ಕ್ಯಾಲ್ಸಿಯಂ ಇದೆ. ಅದರಲ್ಲಿ ನೂರಕ್ಕೆ 99 ಪಾಲು ಮೂಳೆ, ಹಲ್ಲುಗಳಲ್ಲಿ. ರಕ್ತದಲ್ಲಿ ಇರುವುದು ಅಲ್ಪ: 100 ಮಿಲಿಲೀಟರಿಗೆ ಸುಮಾರು 8.5ರಿಂದ 10.5 ಮಿಲಿಗ್ರಾಂ. ಅದು ಸ್ವಲ್ಪ ಇಳಿದರೂ ಪ್ಯಾರಾಥೈರಾಯ್ಡ್ ತನ್ನ ಹಾರ್ಮೋನನ್ನು ಸುರಿಸುತ್ತದೆ. ಮೂಳೆಯಿಂದ ಸುಣ್ಣ ರಕ್ತಕ್ಕೆ ಬರುತ್ತದೆ, ಮೂತ್ರಪಿಂಡ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ, ‘ಡಿ’ ಜೀವಸತ್ವದ ನೆರವಿನಿಂದ ಕರುಳು ಆಹಾರದ ಸುಣ್ಣವನ್ನು ಹೆಚ್ಚು ಹೀರುತ್ತದೆ. ಮಟ್ಟ ಸರಿಹೋದೊಡನೆ ಹಾರ್ಮೋನು ಇಳಿಯುತ್ತದೆ. ಗ್ರಂಥಿಯೊಂದರಲ್ಲಿ ಗಂಟು ಬೆಳೆದರೆ ಈ ಅಂಕೆ ತಪ್ಪುತ್ತದೆ. ಸುಣ್ಣ ಸಾಕಷ್ಟಿದ್ದರೂ ಅದು ಮೂಳೆಯಿಂದ ಎಳೆಯುತ್ತಲೇ ಇರುತ್ತದೆ.

ಥೈರಾಯ್ಡಿನ ಪಾತ್ರ ಇಲ್ಲವೆಂದಲ್ಲ. ಥೈರಾಯ್ಡ್ ಹಾರ್ಮೋನು ಅತಿಯಾದಾಗ ಮೂಳೆಯ ಸವೆತ ಅದರ ಕಟ್ಟುವಿಕೆಯನ್ನು ಮೀರುತ್ತದೆ. ಥೈರಾಯ್ಡ್ ಅತಿಯಾಗಿ ಕೆಲಸ ಮಾಡುವವರ ದೇಹದಿಂದ ಕ್ಯಾಲ್ಸಿಯಂ ಹೆಚ್ಚಾಗಿ ಹೊರಹೋಗುತ್ತದೆ ಎಂದು ಬಾಸ್ಟನ್ನಿನ ಜೋಸೆಫ್ ಆಬ್ ಮತ್ತು ಸಂಗಡಿಗರು 1929ರಲ್ಲಿ ತೋರಿಸಿದರು. ಇಂಥವರಲ್ಲಿ ಕೆಲವರಿಗೆ ರಕ್ತದ ಕ್ಯಾಲ್ಸಿಯಮ್ಮೂ ತುಸು ಏರುತ್ತದೆ. ಥೈರಾಯ್ಡ್ ಹತೋಟಿಗೆ ಬಂದೊಡನೆ ಅದೂ ಇಳಿಯುತ್ತದೆ. ಥೈರಾಯ್ಡ್ ಮಾತ್ರೆಯನ್ನು ಬಹುಕಾಲ ಮಿತಿಮೀರಿ ನುಂಗಿದರೂ ಮೂಳೆ ಸವೆಯಬಹುದು. 1960ರ ದಶಕದ ಮೊದಲಲ್ಲಿ ಕೆನಡಾದ ಹೆರಾಲ್ಡ್ ಕಾಪ್ ಕ್ಯಾಲ್ಸಿಯಂ ಇಳಿಸುವ ಕ್ಯಾಲ್ಸಿಟೋನಿನ್ ಎಂಬ ಹಾರ್ಮೋನನ್ನು ಕಂಡುಹಿಡಿದರು. ಅದು ಪ್ಯಾರಾಥೈರಾಯ್ಡಿನಿಂದ ಬರುತ್ತದೆಂದು ಅವರು ಭಾವಿಸಿದ್ದರು. ಥೈರಾಯ್ಡಿನೊಳಗಿನ ಬೇರೊಂದು ಬಗೆಯ ಕೋಶಗಳಿಂದ ಬರುತ್ತದೆಂದು ಕೆಲವೇ ವರ್ಷಗಳಲ್ಲಿ ಗೊತ್ತಾಯಿತು. ನೆರೆಹೊರೆಯವರ ಗೊಂದಲ ಅಲ್ಲಿಗೂ ಬಿಡಲಿಲ್ಲ.

ಈ ಗೊಂದಲವನ್ನು ಬಿಡಿಸುವ ದಾರಿ ತೆರೆದದ್ದು 1963ರಲ್ಲಿ. ಬರ್ಸನ್ ಮತ್ತು ರೊಸಾಲಿನ್ ಯಾಲೊ ತಮ್ಮ ವಿಕಿರಣ ವಿಧಾನದಿಂದ ಪ್ಯಾರಾಥೈರಾಯ್ಡ್ ಹಾರ್ಮೋನನ್ನು ರಕ್ತದಲ್ಲಿಯೇ ಅಳೆದರು. ಕ್ಯಾಲ್ಸಿಯಂ ಏರಿದ್ದಾಗ ಈ ಹಾರ್ಮೋನು ತಗ್ಗಿದ್ದರೆ ಕಾರಣ ಬೇರೆ ಕಡೆ ಇದೆ: ಥೈರಾಯ್ಡಿನ ಅತಿ, ಕ್ಯಾನ್ಸರ್, ‘ಡಿ’ ಜೀವಸತ್ವದ ಅತಿಸೇವನೆ ಇಂಥವು. ಕ್ಯಾಲ್ಸಿಯಂ ಏರಿದ್ದರೂ ಹಾರ್ಮೋನು ತಗ್ಗದಿದ್ದರೆ ಗುಮಾನಿ ಆ ಕಾಳುಗಳ ಮೇಲೆಯೇ. ರಕ್ತಪರೀಕ್ಷೆಯ ಯಂತ್ರಗಳು 1970ರ ದಶಕದಲ್ಲಿ ವ್ಯಾಪಕವಾದ ಮೇಲೆ ಪಶ್ಚಿಮ ದೇಶಗಳಲ್ಲಿ ಯಾವ ನೋವೂ ಇಲ್ಲದ ನೂರಾರು ಮಂದಿಯಲ್ಲಿ ಈ ರೋಗ ಪತ್ತೆಯಾಯಿತು. ಮುಟ್ಟು ನಿಂತ ಹೆಂಗಸರಲ್ಲಿ ಇದು ಹೆಚ್ಚು. ಐವರಲ್ಲಿ ನಾಲ್ವರಿಗಾದರೂ ಒಂದೇ ಗ್ರಂಥಿಯಲ್ಲಿ ಗಂಟು. ಅದನ್ನು ತೆಗೆದರೆ ಗುಣ.

ಭಾರತದ ದೊಡ್ಡ ಆಸ್ಪತ್ರೆಗಳ ವರದಿಗಳಲ್ಲಿ ಮಾತ್ರ ಬಹುಕಾಲ ಕಂಡದ್ದು ವಿಯೆನ್ನಾದ ಆ ಹಳೆಯ ಚಿತ್ರವೇ: ಮೂಳೆ ನೋವು, ಮುರಿತ, ಮೂತ್ರಪಿಂಡದ ಕಲ್ಲು. ‘ಡಿ’ ಜೀವಸತ್ವದ ಕೊರತೆ ಮತ್ತು ತಡವಾದ ಪರೀಕ್ಷೆ ಇದಕ್ಕೆ ಮುಖ್ಯ ಕಾರಣಗಳು. ಸೊಂಟ ನೋವಿಗೆ ವಾತವೆಂದೂ, ಆಯಾಸಕ್ಕೆ ವಯಸ್ಸಾಯಿತೆಂದೂ ಹೆಸರಿಟ್ಟು ವರ್ಷಗಟ್ಟಲೆ ಕಾಲ ತಳ್ಳುವವರು ಈಗಲೂ ಇದ್ದಾರೆ. ಕಲ್ಲು ಮತ್ತೆ ಮತ್ತೆ ಕಟ್ಟುವವರಿಗೆ, ಸಣ್ಣ ಪೆಟ್ಟಿಗೂ ಮೂಳೆ ಮುರಿಯುವವರಿಗೆ ಒಂದು ಕ್ಯಾಲ್ಸಿಯಂ ಪರೀಕ್ಷೆಯ ಖರ್ಚು ದೊಡ್ಡದಲ್ಲ. ಅದು ಏರಿದ್ದರೆ ಥೈರಾಯ್ಡನ್ನು ನೋಡಿ ಬಿಟ್ಟುಬಿಡದೆ, ಅದರ ಹಿಂದಿನ ಕಾಳುಗಳನ್ನೂ ವಿಚಾರಿಸಬೇಕು.